ಸ್ಯಾಂಕ್ಷನ್: ಮಂಜೂರಾತಿಯೋ, ನಿರ್ಬಂಧವೋ?

ಗಂಗಾವತಿ, ಸಿಂಧನೂರು ಕಡೆ ‘ಸ್ಯಾಂಕ್ಷನ್’ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. ಬೆಳೆ ಸಾಲ ಸ್ಯಾಂಕ್ಷನ್ ಆಯಿತು, ಕಾಲುವೆ ದುರಸ್ತಿ ಸ್ಯಾಂಕ್ಷನ್ ಆಯಿತು ಎನ್ನುವುದು ದಿನದ ಮಾತು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯಡಿಯ ನೇಮಕಾತಿಗೆ ಓದುತ್ತಿರುವ ನಮಗಂತೂ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು ಎಂಬ ಲೆಕ್ಕ ಬಾಯಿಪಾಠ. ಆ ಅರ್ಥ ಅಲ್ಲಿಗೆ ಬಿಡೋಣ.

ತೊಡಕು ಇಂಗ್ಲಿಷ್ ಸುದ್ದಿಪತ್ರಿಕೆಯಲ್ಲಿದೆ. 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ಭಾರತದ ಮೇಲೆ ಹೇರಿದ ಆರ್ಥಿಕ ನಿರ್ಬಂಧಕ್ಕೂ ಇದೇ ಪದ. ಕೊಡುವುದಕ್ಕೂ ತಡೆಯುವುದಕ್ಕೂ ಒಂದೇ ಪದ ಹೇಗಾಯಿತು?

ಮೂಲ ಲ್ಯಾಟಿನ್‌ನ ‘ಸಾಂಕೀರೆ’. ಪವಿತ್ರವೆಂದು, ಮೀರಬಾರದ್ದೆಂದು ವಿಧಿಸುವುದು ಎಂದರ್ಥ. ಗಮನಿಸಬೇಕಾದದ್ದು ಮುಂದಿನ ಹೆಜ್ಜೆ. ಜಸ್ಟಿನಿಯನ್ ಚಕ್ರವರ್ತಿ 533ರಲ್ಲಿ ಹೊರಡಿಸಿದ ಕಾನೂನು ಪಠ್ಯದ ಪ್ರಕಾರ, ಕಾಯ್ದೆ ಮೀರಿದವರಿಗೆ ದಂಡನೆ ಗೊತ್ತುಪಡಿಸುವ ಭಾಗಕ್ಕೇ ಇದರಿಂದ ಬಂದ ‘ಸಾಂಕ್ಟಿಯೋ’ ಎಂಬ ಹೆಸರು. ಅಂದರೆ ಕಾಯ್ದೆಗೆ ಬಲ ಕೊಡುವ ಮುದ್ರೆ, ಅದನ್ನು ಮುರಿದರೆ ಬೀಳುವ ಪೆಟ್ಟು, ಎರಡೂ ಒಂದೇ ಬೇರಿನವು. ಮುದ್ರೆಯ ಕಡೆಯಿಂದ ‘ಮಂಜೂರಾತಿ’ ಹುಟ್ಟಿತು, ಪೆಟ್ಟಿನ ಕಡೆಯಿಂದ ‘ನಿರ್ಬಂಧ’. ದೇಶದ ಮೇಲೆ ಹೇರುವ ಅರ್ಥ ಬಳಕೆಗೆ ಬಂದದ್ದು ಮೊದಲ ಮಹಾಯುದ್ಧದ ನಂತರ. ಇಥಿಯೋಪಿಯಾದ ಮೇಲೆ ದಾಳಿ ಮಾಡಿದ ಇಟಲಿಯ ವಿರುದ್ಧ ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) 1935ರಲ್ಲಿ ಇದನ್ನು ಪ್ರಯೋಗಿಸಿತು.

‘ಸೇಂಟ್’, ‘ಸ್ಯಾಂಕ್ಚುಯರಿ’ ಇದರ ದಾಯಾದಿಗಳು. ಮಧ್ಯಯುಗದ ಇಂಗ್ಲೆಂಡಿನಲ್ಲಿ ತಪ್ಪಿತಸ್ಥ ಚರ್ಚಿನೊಳಗೆ ನುಗ್ಗಿದರೆ 40 ದಿನ ಯಾರೂ ಮುಟ್ಟುವಂತಿರಲಿಲ್ಲ. ಇಂದು ದರೋಜಿ ಕರಡಿಧಾಮದ ಕರಡಿಗಳಿಗೆ ಆ ಭಾಗ್ಯ, ಅದೂ ದಿನಗಳ ಮಿತಿಯಿಲ್ಲದೆ.

ಈಗ ಅರ್ಥ ಗುರುತಿಸುವ ಬಗೆ. ‘ಬಹುವಚನವಾದರೆ ನಿರ್ಬಂಧ’ ಎಂಬ ಸೂತ್ರ ಕೋಚಿಂಗ್ ತರಗತಿಗಳಲ್ಲಿ ಓಡಾಡುತ್ತದೆ. ಸುದ್ದಿಗೆ ಸಾಕು, ರಾಜ್ಯಶಾಸ್ತ್ರಕ್ಕೆ ಸಾಲದು: ಕಾನೂನೆಂದರೆ ಸಾರ್ವಭೌಮನ ಆಜ್ಞೆ ಎಂದ ಜಾನ್ ಆಸ್ಟಿನ್, ಅದರ ಬೆನ್ನಿಗಿರುವ ದಂಡನೆಯನ್ನು ಏಕವಚನದಲ್ಲೇ ‘ಸ್ಯಾಂಕ್ಷನ್’ ಎನ್ನುತ್ತಾನೆ. ನನಗೆ ಹಿಡಿಸಿದ್ದು ಕರ್ಮಪದ ನೋಡುವ ದಾರಿ. ಕ್ರಿಯಾಪದದ ಮುಂದೆ ಸಾಲ, ಹುದ್ದೆ, ರಜೆ, ಕಾಮಗಾರಿಯಂಥದ್ದು ಬಂದರೆ ಮಂಜೂರಾತಿ. ದೇಶ, ಕಂಪನಿ, ವ್ಯಕ್ತಿ ಬಂದರೆ ದಂಡನೆ. ಬ್ಯಾಂಕು ಸಾಲವನ್ನು ಸ್ಯಾಂಕ್ಷನ್ ಮಾಡಿದರೆ ಸಂತೋಷ. ವಿಶ್ವಸಂಸ್ಥೆ ಬ್ಯಾಂಕನ್ನೇ ಸ್ಯಾಂಕ್ಷನ್ ಮಾಡಿದರೆ ಆ ಬ್ಯಾಂಕಿನ ಕಥೆ ಮುಗಿಯಿತು.

ನಾಮಪದವಾದಾಗ ಮಾತ್ರ ಅದರ ಜೊತೆ ಬರುವ ‘ಫಾರ್’ (for) ಕಾಡುತ್ತದೆ. ನಿಯಮ ಮುರಿದದ್ದಕ್ಕೆ ಎಂದಾಗಲೂ ‘ಫಾರ್’, ಖರ್ಚಿಗೆ ಅನುಮತಿ ಎಂದಾಗಲೂ ‘ಫಾರ್’. ಅದರ ಮುಂದಿರುವ ಕೆಲಸ ಆಗಿಹೋಗಿದೆಯೋ, ಇನ್ನು ಆಗಬೇಕೋ ಎಂದು ಕೇಳಿಕೊಳ್ಳಿ. ಆಗಿಹೋದ ತಪ್ಪಾದರೆ ಶಿಕ್ಷೆ, ಆಗಬೇಕಾದ ಕೆಲಸವಾದರೆ ಒಪ್ಪಿಗೆ. ಭ್ರಷ್ಟಾಚಾರ ತಡೆ ಕಾಯ್ದೆಯ ಸೆಕ್ಷನ್ 19ರಲ್ಲಿರುವುದು ಎರಡನೆಯದು: ಸರ್ಕಾರಿ ನೌಕರನ ಮೇಲಿನ ಪ್ರಕರಣವನ್ನು ನ್ಯಾಯಾಲಯ ಪರಿಗಣಿಸುವ ಮೊದಲು ಬೇಕಾದ ಪೂರ್ವಾನುಮತಿ. ಸ್ಯಾಂಕ್ಷನ್ ಸಿಕ್ಕಿತೆಂದು ಇಲ್ಲಿ ಖುಷಿಪಡುವವರು ತನಿಖೆಯವರು, ನೌಕರನಲ್ಲ.