ಮೇಜಿನ ಮೇಲೆ ಸುರಿದ ಮಾತ್ರೆಗಳು

ಕನ್ನಡ ಕೂಟದಲ್ಲಿ ಸಿಕ್ಕವರು ಈಗೀಗ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಡಾಕ್ಟ್ರೇ, ನಮ್ಮೂರಲ್ಲೂ ಒಂದು ಡೈರೆಕ್ಟ್ ಪ್ರೈಮರಿ ಕೇರ್ ಕ್ಲಿನಿಕ್ ಬಂದಿದೆ. ಅಲ್ಲಿನ ಡಾಕ್ಟರು ಒಳ್ಳೆಯವರಾ ಅಂತ ತಿಳಿಯೋದು ಹೇಗೆ?"

ಇಲ್ಲಿ ಅಮೆರಿಕದಲ್ಲಿ ನಾನು ನಡೆಸುತ್ತಿರುವುದೂ ಅಂಥದೇ ಕ್ಲಿನಿಕ್. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ನಿಮಗೊಬ್ಬ ಫ್ಯಾಮಿಲಿ ಡಾಕ್ಟರ್. ಇನ್ಶೂರೆನ್ಸ್ ಕಂಪನಿಗೆ ಬಿಲ್ ಕಳಿಸುವ ತಾಪತ್ರಯ ಇಲ್ಲ. 2026ರ ಜನವರಿಯಿಂದ ಈ ಶುಲ್ಕವನ್ನು ಹೆಲ್ತ್ ಸೇವಿಂಗ್ಸ್ ಅಕೌಂಟಿನ (ಚಿಕಿತ್ಸೆಯ ಖರ್ಚಿಗೆಂದು ತೆರಿಗೆ ಇಲ್ಲದೆ ಕೂಡಿಡುವ ಖಾತೆ) ಹಣದಿಂದಲೂ ಕಟ್ಟಬಹುದು, ಒಬ್ಬರಿಗೆ ತಿಂಗಳಿಗೆ 150 ಡಾಲರ್ ಮೀರದಿದ್ದರೆ. ಹಾಗಾಗಿ ಕೇಳುವವರೂ ಜಾಸ್ತಿ ಆಗಿದ್ದಾರೆ.

ಗೂಗಲ್‌ನ ನಕ್ಷತ್ರಗಳನ್ನು ನಾನು ನಂಬುವುದಿಲ್ಲ. ನೆಗಡಿಗೆ ಆಂಟಿಬಯಾಟಿಕ್ ಬರೆದುಕೊಟ್ಟವರಿಗೆ ಐದು ನಕ್ಷತ್ರ ಬೀಳುತ್ತದೆ, "ಇದಕ್ಕೆ ಔಷಧಿ ಬೇಡ, ತಾನಾಗಿಯೇ ಹೋಗುತ್ತದೆ" ಅಂದವರಿಗೆ ಎರಡು. ಒಳ್ಳೆಯ ಡಾಕ್ಟರ ಕೆಲಸದಲ್ಲಿ ಅರ್ಧ, ಮಾಡದೇ ಬಿಟ್ಟಿದ್ದರಲ್ಲೇ ಇರುತ್ತದೆ. ಅದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ನನ್ನ ಪರಿಚಯದ ಒಬ್ಬ ಡಾಕ್ಟರಮ್ಮ ಇದ್ದಾರೆ. ಮಗಳ ಮನೆಗೆಂದು ದಾವಣಗೆರೆಯಿಂದ ಬಂದಿದ್ದ ಅಜ್ಜಿಯೊಬ್ಬರು ಅವರ ಹತ್ತಿರ ಹೋಗಿದ್ದರು. ಬೆಳಿಗ್ಗೆ ಎದ್ದು ನಿಂತರೆ ತಲೆಸುತ್ತು. ಮಗಳಿಗೆ ತಲೆಯ ಸ್ಕ್ಯಾನ್ ಮಾಡಿಸುವ ಆತುರ. ಡಾಕ್ಟರಮ್ಮ ಸ್ಕ್ಯಾನ್ ಮಾತೇ ಎತ್ತಲಿಲ್ಲ. "ಅಮ್ಮ ತಗೊಳ್ಳೋ ಮಾತ್ರೆಗಳೆಲ್ಲ ಇಲ್ಲಿವೆಯಾ?" ಅಂದರು. ಔಷಧಿ ಅಂಗಡಿಯ ಕವರನ್ನು ಮೇಜಿನ ಮೇಲೆ ಸುರಿದು, ಒಂದೊಂದೇ ಸ್ಟ್ರಿಪ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿದರು. ಎರಡು ಬೇರೆ ಬೇರೆ ಹೆಸರಿನ ಬಿಪಿ ಮಾತ್ರೆ. ಒಂದರಲ್ಲಿ ಟೆಲ್ಮಿಸಾರ್ಟನ್. ಇನ್ನೊಂದರಲ್ಲಿ ಅದೇ ಟೆಲ್ಮಿಸಾರ್ಟನ್, ಜೊತೆಗೆ ಆಮ್ಲೋಡಿಪಿನ್. ಊರಲ್ಲಿ ಒಬ್ಬರು ಒಂದು ಬರೆದಿದ್ದರು, ಆಮೇಲೆ ಇನ್ನೊಬ್ಬರು ಇನ್ನೊಂದು. ಅಜ್ಜಿ ಎರಡನ್ನೂ ನುಂಗುತ್ತಿದ್ದರು.

ಕೂತಾಗ ಒಮ್ಮೆ, ನಿಂತ ಮೇಲೆ ಇನ್ನೊಮ್ಮೆ ಬಿಪಿ ನೋಡಿದರು. ನಿಂತಾಗ ಸರ್ರನೆ ಇಳಿದಿತ್ತು. ಒಂದು ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಯಾವಾಗ ತಗೊಳ್ಳಬೇಕು ಅಂತ ಮಗಳ ಕೈಲಿ ಕನ್ನಡದಲ್ಲೇ ಚೀಟಿ ಬರೆಸಿದರು. ಮೂರು ದಿನ ಬಿಟ್ಟು ಸಂಜೆ ತಾವೇ ಫೋನ್ ಮಾಡಿ, "ಅಮ್ಮ ಈಗ ಹೇಗಿದ್ದಾರೆ?" ಅಂತ ಕೇಳಿದರು. ಅಜ್ಜಿ ಆಗಲೇ ಅಡುಗೆಮನೆ ಸೇರಿದ್ದರು.

ಇದಕ್ಕೆ ಬೇಕಾಗಿದ್ದು ಸಮಯ. ಮಾಮೂಲಿ ಕ್ಲಿನಿಕ್‌ನಲ್ಲಿ ಒಬ್ಬ ಡಾಕ್ಟರ ಪಾಲಿಗೆ 2,000ಕ್ಕೂ ಹೆಚ್ಚು ಜನ ಇರುತ್ತಾರೆ. ನಮ್ಮಂಥ ಕ್ಲಿನಿಕ್‌ಗಳಲ್ಲಿ ಬಹಳಷ್ಟು ಡಾಕ್ಟರು 600ರ ಆಸುಪಾಸಿಗೆ ನಿಲ್ಲಿಸಿಬಿಡುತ್ತಾರೆ. ಆದರೆ ಸಮಯ ಇದ್ದವರೆಲ್ಲ ಸ್ಟ್ರಿಪ್ ತಿರುಗಿಸಿ ನೋಡುವುದಿಲ್ಲ, ಅಲ್ವಾ? ಗುರುತಿಸಬೇಕಾದದ್ದು ಅದನ್ನೇ.

ಇನ್ನೊಂದು ವಿಷಯ. ಡೈರೆಕ್ಟ್ ಪ್ರೈಮರಿ ಕೇರ್ ಅಂದರೆ ಇನ್ಶೂರೆನ್ಸ್ ಅಲ್ಲ. ಆಪರೇಷನ್ನು, ಆಸ್ಪತ್ರೆ ವಾಸ ಈ ಶುಲ್ಕದಲ್ಲಿ ಬರುವುದಿಲ್ಲ. ಸಹಿ ಹಾಕಿಸಿಕೊಳ್ಳುವ ಮೊದಲೇ ಇದನ್ನು ಬಿಡಿಸಿ ಹೇಳಿ, "ಇನ್ಶೂರೆನ್ಸ್ ಬಿಡಬೇಡಿ" ಅನ್ನುವವರು ನಂಬಿಕಸ್ಥರು. ಸುಮ್ನೆ ತಲೆಯಾಡಿಸಿ ಕಾರ್ಡ್ ನಂಬರ್ ಕೇಳಿದರೆ ಎದ್ದು ಬನ್ನಿ.

ಫ್ಯಾಮಿಲಿ ಡಾಕ್ಟರ ಆರೈಕೆ ಎಷ್ಟು ಚೆನ್ನಾಗಿದೆ ಅಂತ ಅಳೆಯಲು ಅಮೆರಿಕದ ಸಂಶೋಧಕಿ ರೆಬೆಕಾ ಎಟ್ಜ್ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಒಂದು ಅಳತೆಗೋಲು ಇದೆ. ಹನ್ನೊಂದೇ ಅಂಶ, ಉತ್ತರಿಸುವವರು ರೋಗಿಗಳು. ಅದರಲ್ಲೊಂದು ನನಗೆ ತುಂಬಾ ಇಷ್ಟ: ಈ ಡಾಕ್ಟರೂ ನಾನೂ ಜೊತೆಯಾಗಿ ಬಹಳಷ್ಟನ್ನು ದಾಟಿ ಬಂದಿದ್ದೇವೆಯೇ? ಬಿಪಿ, ಶುಗರ್ ಅಂಕಿಗಳಲ್ಲಿ ಇದು ಸಿಗುವುದಿಲ್ಲ. ಹತ್ತು ವರ್ಷದ ರೋಗಿ "ಹೌದು" ಅಂದರೆ ನನಗೆ ಅದೇ ದೊಡ್ಡ ಪ್ರಶಸ್ತಿ.

ಹೊಸಬರಿಗೆ ಹತ್ತು ವರ್ಷ ಕಾಯಲು ಆಗುವುದಿಲ್ಲ ನಿಜ. ಮೊದಲ ಸಲ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಮೇಜಿನ ಮೇಲಿಡಿ. ಡಾಕ್ಟರು ಅದನ್ನು ಬಿಚ್ಚುತ್ತಾರಾ ನೋಡಿ.