ಇಎಸ್‌ಐ, ವಲಸೆ ಕಾರ್ಮಿಕರು ಮತ್ತು 9 ತಿಂಗಳ ಲೆಕ್ಕ

ಸಾಮಾಜಿಕ ವಿಮೆ ಅಂದರೆ ವಂತಿಗೆ ಕಟ್ಟಿ ಪಡೆಯುವ ರಕ್ಷಣೆ. ವೃದ್ಧಾಪ್ಯ ವೇತನ ಹಾಗಲ್ಲ, ಅದು ತೆರಿಗೆ ದುಡ್ಡು. ಇಷ್ಟು ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂಥ ಒಂದು ವಿಮೆ, ಅದರ ಕಾಯ್ದೆ 1948ರದ್ದು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. 10 ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಕಾರ್ಮಿಕನ ಪಾಲು ಶೇ. 0.75, ಮಾಲೀಕನದು ಶೇ. 3.25. ಸಂಬಳ 16,000 ಇದ್ದರೆ 120 ಮತ್ತು 520 ರೂಪಾಯಿ. ಯಾವ ರಾಜ್ಯದಿಂದ ಬಂದವರು ಅಂತ ಕಾನೂನು ಕೇಳುವುದೇ ಇಲ್ಲ.

ಹಾಗಾದರೆ ವಲಸೆ ಬಂದವರು ಎಲ್ಲಿ ತಪ್ಪಿಹೋಗುತ್ತಾರೆ? ದಿನಗಳ ಲೆಕ್ಕದಲ್ಲಿ. ನನಗೆ ಜಾಸ್ತಿ ತಲೆ ತಿಂದದ್ದು ಇದೇ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ವರ್ಷದಲ್ಲಿ ಎರಡು ವಂತಿಗೆ ಅವಧಿ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕಾಯಿಲೆ ಬಿದ್ದಾಗ ಸಿಗುವ ಹಣ, ಅಂದರೆ ದಿನದ ಸರಾಸರಿ ಸಂಬಳದ ಶೇ. 70, ವರ್ಷಕ್ಕೆ 91 ದಿನದವರೆಗೆ, ಆ ಅವಧಿಯಲ್ಲೇ ಸಿಗುವುದಿಲ್ಲ. ಅವಧಿ ಶುರುವಾದ ತಿಂಗಳಿಗೆ 9 ಸೇರಿಸಿ. ಏಪ್ರಿಲ್‌ಗೆ 9 ಸೇರಿಸಿದರೆ ಜನವರಿ. ಅಕ್ಟೋಬರ್‌ಗೆ 9 ಸೇರಿಸಿದರೆ ಜುಲೈ. ಅಲ್ಲಿಂದ ಆರು ತಿಂಗಳು ಲಾಭದ ಅವಧಿ. ಹೊಸದಾಗಿ ಸೇರಿದವರಿಗೂ ಅದೇ 9: ಸೇರಿದ ದಿನದಿಂದ ಒಂಬತ್ತು ತಿಂಗಳು ಕಳೆದ ಮೇಲೆ. ಈ ಒಂದು ಸಂಖ್ಯೆ ನೆನಪಿದ್ದರೆ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ.

ಇದನ್ನು ಕಾರವಾರಕ್ಕೆ ತಂದು ನೋಡಿ. ಜಾರ್ಖಂಡ್‌ನ ಹುಡುಗನೊಬ್ಬ ಆಗಸ್ಟ್ 1ಕ್ಕೆ ಬೈತಖೋಲ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಗೆ ಮೊದಲ ಸಲ ಸೇರಿದ ಅಂದುಕೊಳ್ಳೋಣ. ಅವನಿಗೆ ಕಾಯಿಲೆ ಹಣದ ಬಾಗಿಲು ತೆರೆಯುವುದು ಮೇ 1ಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟ್‌ಗಳಿಗೆ ನಿಷೇಧ. ಬೋಟ್ ನಿಂತರೆ ಐಸ್ ಯಾರಿಗೆ ಬೇಕು? ಅವನು ಊರಿಗೆ ಹೊರಡುತ್ತಾನೆ. ಒಂದು ಇಡೀ ಸೀಸನ್ ವಂತಿಗೆ ಕಟ್ಟಿದರೂ, ಆ ಸೀಸನ್‌ನಲ್ಲಿ ದುಡಿಯುವಾಗ ಜ್ವರ ಬಂದರೆ ಕೂಲಿ ಸಿಗುವ ಹಕ್ಕು ಇರುವುದು ಮೇ ಒಂದೇ ತಿಂಗಳು. ಚಿಕಿತ್ಸೆ ಮತ್ತು ಕೆಲಸದಲ್ಲಾದ ಗಾಯದ ಪರಿಹಾರಕ್ಕೆ ಮಾತ್ರ ಈ ಕಾಯುವಿಕೆ ಇಲ್ಲ, ಸೇರಿದ ದಿನದಿಂದಲೇ ಇವೆ.

ಎರಡನೇ ವರ್ಷಕ್ಕೆ ಇನ್ನೊಂದು ತೊಡಕು. ಕಾಯಿಲೆ ಹಣ ಸಿಗಲು ಒಂದು ವಂತಿಗೆ ಅವಧಿಯಲ್ಲಿ ವಂತಿಗೆ ಕಟ್ಟಿದ ದಿನ ಕನಿಷ್ಠ 78 ಆಗಬೇಕು. ಮೀನುಗಾರಿಕೆ ನಿಷೇಧ ಬೀಳುವುದು ಏಪ್ರಿಲ್–ಸೆಪ್ಟೆಂಬರ್ ಅವಧಿಯ ನಟ್ಟನಡುವೆ. ಏಪ್ರಿಲ್, ಮೇ, ಆಗಸ್ಟ್, ಸೆಪ್ಟೆಂಬರ್ ಪೂರ್ತಿ ದುಡಿದರೆ ವಾರದ ರಜೆ ಕಳೆದರೂ 100 ದಾಟುತ್ತದೆ. ಆದರೆ ಏಪ್ರಿಲ್ 20ಕ್ಕೆ ಹೋಗಿ ಆಗಸ್ಟ್ ಕೊನೆಗೆ ಬಂದರೆ 50 ದಿನವೂ ಆಗುವುದಿಲ್ಲ. ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಹಣ ಇಲ್ಲ.

ಹಳೆಯ ವಿಮಾ ಸಂಖ್ಯೆ ಬಿಡಬಾರದು ಎನ್ನುವುದು ಇದಕ್ಕೇ. ಅದು ಜೀವನಪೂರ್ತಿ ಒಂದೇ. ಮಾಲೀಕ ಬದಲಾದರೂ ಅದನ್ನೇ ಕೊಟ್ಟರೆ ಅಕ್ಟೋಬರ್–ಮಾರ್ಚ್‌ನಲ್ಲಿ ದುಡಿದ ದಿನಗಳು ಡಿಸೆಂಬರ್‌ವರೆಗೆ ಕೈ ಹಿಡಿಯುತ್ತವೆ. ಸುಮ್ನೆ ಹೊಸ ಸಂಖ್ಯೆ ಮಾಡಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಹೆರಿಗೆ ಸೌಲಭ್ಯದ ನಿಯಮ ನೋಡಿ: ಹಿಂದಿನ ಎರಡು ವಂತಿಗೆ ಅವಧಿ ಸೇರಿಸಿ 70 ದಿನ ಇದ್ದರೆ ಸಾಕು. ಕಾಯಿಲೆ ಹಣಕ್ಕೂ ಹೀಗೆ ವರ್ಷದ ಲೆಕ್ಕ ಹಿಡಿದರೆ ನಮ್ಮ ಕರಾವಳಿಗೆ ಬರುವ ಸೀಸನ್ ಕಾರ್ಮಿಕರು ಹೊರಗುಳಿಯುವುದಿಲ್ಲ. ಇದು ಆಗಲೇಬೇಕು ಅಂತ ನನ್ನ ಅಭಿಪ್ರಾಯ. ಪರೀಕ್ಷೆಯ ಉತ್ತರದಲ್ಲಿ ಬರೆಯಲು ಒಳ್ಳೆಯ ಅಂಶವೂ ಹೌದು.

ಉಳಿದವರು ಬೇಗ. ಕಟ್ಟಡ ಕೆಲಸದವರಿಗೆ 1996ರ ಕಾಯ್ದೆಯಲ್ಲಿ ಶುರುವಾಗಿ ಈಗ ಅದೇ 2020ರ ಸಂಹಿತೆಯೊಳಗೆ ಬಂದಿರುವ ಕಲ್ಯಾಣ ಮಂಡಳಿ: ಕಳೆದ 12 ತಿಂಗಳಲ್ಲಿ 90 ದಿನ ಕೆಲಸ, ವಯಸ್ಸು 18ರಿಂದ 60. ಹಣ ಬರುವುದು ನಿರ್ಮಾಣ ವೆಚ್ಚದ ಸೆಸ್‌ನಿಂದ. ಬೋಟ್ ಮೇಲೆ ಹೋಗುವವರಿಗೆ ಹಿಡಿದ ಮೀನಿನಲ್ಲಿ ಪಾಲು, ಸಂಬಳದ ಚೀಟಿ ಇಲ್ಲ. ಹಾಗಾಗಿ ಸಂಬಳ ನೋಡಿ ವಂತಿಗೆ ಕಡಿಯುವ ಇಎಸ್‌ಐ ಅವರಿಗೆ ಹೊಂದುವುದಿಲ್ಲ. ಅವರಿಗೆ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಇದೆ, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ ಇದೆ. ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಅದರ ವರ್ಷ ಶುರುವಾಗುವುದೂ ಜೂನ್ 1ಕ್ಕೇ. ಊರಿಗೆ ಹೊರಡುವ ಮುಂಚೆ, ಮೇ ತಿಂಗಳಲ್ಲೇ, ಖಾತೆಯಲ್ಲಿ ಆ 20 ರೂಪಾಯಿ ಇರಬೇಕು.