ಮೊಲದ ಹಲ್ಲಿಗೆ ವಿಮೆ ಸಿಗುತ್ತದಾ?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಕಾಲಿನ ಜಗಳ ಹಾಗಿರಲಿ, ಮೊಲಕ್ಕೆ ಹಲ್ಲೆಷ್ಟು? ಹೆಚ್ಚಿನವರು ಎರಡೋ ನಾಲ್ಕೋ ಅನ್ನುತ್ತಾರೆ. ಮುಂದೆ ಕಾಣುವುದು ಅಷ್ಟೇ ಅಲ್ವಾ. ನಿಜವಾಗಿ ಇರುವುದು 28. ಮುಂದೆ 6 ಬಾಚಿಹಲ್ಲು, ಒಳಗೆ 22 ದವಡೆಹಲ್ಲು. ಕೋರೆಹಲ್ಲು ಒಂದೂ ಇಲ್ಲ.

ಬಾಚಿಹಲ್ಲು 6 ಹೇಗೆ ಅಂದರೆ, ಮೇಲಿನ ಜೋಡಿಯ ಬೆನ್ನಿಗೇ ಗೂಟದಂಥ ಇನ್ನೊಂದು ಪುಟ್ಟ ಜೋಡಿ ಅಡಗಿರುತ್ತದೆ. ಇಲಿ, ಅಳಿಲುಗಳಿಗೆ ಇದು ಇಲ್ಲ. ಮೊಲವನ್ನು ಇಲಿಗಳ ಗುಂಪಿನಿಂದ ತೆಗೆದು ಬೇರೆ ಗುಂಪಿಗೆ ಸೇರಿಸುವಾಗ ವಿಜ್ಞಾನಿಗಳು ಮುಖ್ಯವಾಗಿ ನೋಡಿದ ಗುರುತುಗಳಲ್ಲಿ ಇದೂ ಒಂದು. ಇಷ್ಟಾದರೂ ಮೊಲವನ್ನು ದೊಡ್ಡ ಇಲಿ ಅಂದುಕೊಂಡವರು ಈಗಲೂ ಸಿಗುತ್ತಾರೆ.

ವಿಮೆಗೆ ತಲೆನೋವು ತರುವುದು ಈ ಹಲ್ಲುಗಳ ಇನ್ನೊಂದು ಗುಣ. ಮೊಲದ 28 ಹಲ್ಲೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 10 ಸೆಂಟಿಮೀಟರ್! ಅಷ್ಟುದ್ದದ ಹಲ್ಲಿನ ಮೊಲವನ್ನು ನಾವು ನೋಡಿಲ್ಲ, ಯಾಕೆಂದರೆ ಬೆಳೆದಷ್ಟೂ ಸವೆಯುತ್ತದೆ. ಹುಲ್ಲಿನಲ್ಲಿ ಮರಳಿನ ಜಾತಿಯದೇ ಆದ ಸಿಲಿಕಾದ ಸಣ್ಣ ಕಣಗಳಿರುತ್ತವೆ. ಮೊಲ ದವಡೆಯನ್ನು ಅಡ್ಡಡ್ಡ ಆಡಿಸುತ್ತಾ, ಬೀಸುಕಲ್ಲಿನ ಹಾಗೆ, ದಿನದಲ್ಲಿ ಹಲವು ಗಂಟೆ ಹುಲ್ಲು ಅರೆಯುತ್ತದೆ. ಆ ಹೊತ್ತಿನಲ್ಲಿ ಹಲ್ಲೂ ಅರೆದುಹೋಗುತ್ತದೆ.

ಹುಲ್ಲಿನ ಬದಲು ಬರೀ ಕಾಳು, ಗುಳಿಗೆಯಂಥ ಸಿದ್ಧ ಆಹಾರ ಹಾಕಿದರೆ? ಅದನ್ನು ಮೊಲ ಮೇಲಿಂದ ಕೆಳಗೆ ಕುಟ್ಟಿ ಪುಡಿಮಾಡುತ್ತದೆ. ಬೇಗ ಹೊಟ್ಟೆ ತುಂಬುತ್ತದೆ, ಸವೆತ ಸಾಲುವುದಿಲ್ಲ. ದವಡೆಹಲ್ಲಿನ ಅಂಚಿನಲ್ಲಿ ಮುಳ್ಳಿನಂಥ ಮೊನೆ ಏಳುತ್ತದೆ. ಕೆಳಗಿನದು ನಾಲಿಗೆಗೆ ಚುಚ್ಚುತ್ತದೆ, ಮೇಲಿನದು ಕೆನ್ನೆಗೆ. ಮೇಲೆ ಜಾಗ ಸಿಗದಿದ್ದರೆ ಬುಡ ಹಿಂದಕ್ಕೆ, ಮೂಳೆಯೊಳಗೇ ಬೆಳೆಯುತ್ತದೆ. ಕಣ್ಣೀರಿನ ನಾಳ ಮೇಲಿನ ಹಲ್ಲುಗಳ ಬುಡದ ಪಕ್ಕದಲ್ಲೇ ಹಾದುಹೋಗುತ್ತದೆ, ಅದು ಒತ್ತಿಕೊಂಡು ಕಟ್ಟಿಕೊಳ್ಳುತ್ತದೆ. ಆಗ ಮನೆಯವರಿಗೆ ಮೊದಲು ಕಾಣುವುದು ಹಲ್ಲಲ್ಲ, ಒಸರುವ ಕಣ್ಣು. ಕೀವಾದರೆ ಇನ್ನೂ ಕಷ್ಟ. ಮೊಲದ ಕೀವು ಟೂತ್‌ಪೇಸ್ಟಿನಷ್ಟು ಗಟ್ಟಿ, ಸುಮ್ನೆ ಚುಚ್ಚಿದರೆ ಹರಿದುಹೋಗುವುದಿಲ್ಲ.

ಇಷ್ಟೆಲ್ಲ ಆಗುವಾಗ ಮೊಲ ಏನು ಹೇಳುತ್ತದೆ? ಏನೂ ಇಲ್ಲ. ಬೇಟೆಗೆ ಸಿಗುವ ಪ್ರಾಣಿ ನೋವು ತೋರಿಸುವುದಿಲ್ಲ. ಗಲ್ಲ ಒದ್ದೆಯಾದಾಗ, ತೂಕ ಇಳಿದಾಗ, ಮೇವು ಬಿಟ್ಟಾಗ ನಮಗೆ ಗೊತ್ತಾಗುತ್ತದೆ. ಮೇವು ಬಿಟ್ಟರೆ ಕರುಳಿನ ಚಲನೆ ನಿಂತು ಜೀವಕ್ಕೇ ಕುತ್ತು ಬರಬಹುದು.

ಈಗ ವಿಮೆಗೆ ಬರೋಣ. ಮೊದಲ ತೊಡಕು, ನಾಯಿ ಬೆಕ್ಕಿಗೆ ವಿಮೆ ಕೊಡುವ ಎಷ್ಟೋ ಕಂಪನಿಗಳು ಮೊಲವನ್ನು ಸೇರಿಸುವುದೇ ಇಲ್ಲ. ಸೇರಿಸಿದರೂ ಕ್ಲೇಮ್ ಬಂದಾಗ ಅವರು ಕೇಳುವ ಪ್ರಶ್ನೆ ಒಂದೇ: ಕಾಯಿಲೆ ಯಾವತ್ತು ಶುರುವಾಯಿತು? ವಿಮೆ ಇರುವುದು ಅನಿರೀಕ್ಷಿತಕ್ಕೆ. ಕಾಲು ಮುರಿದರೆ ತಾರೀಕು ಬರೆಯಬಹುದು. ವರ್ಷಗಟ್ಟಲೆ ಒಂದೊಂದೇ ಮಿಲಿಮೀಟರ್ ತಪ್ಪು ದಾರಿ ಹಿಡಿದ ಹಲ್ಲಿಗೆ ಯಾವ ತಾರೀಕು ಬರೆಯುವುದು?

ಆ ತಾರೀಕಿನ ಮೇಲೇ ಎಲ್ಲ ನಿಂತಿದೆ. ಪಾಲಿಸಿಗೆ ಮುಂಚೆ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಪಾಲಿಸಿ ಶುರುವಾದ ಮೇಲಿನ ಕಾಯುವ ಅವಧಿಯಲ್ಲಿ, ಅಂದರೆ ಕಾಯಿಲೆಗೆ ಇನ್ನೂ ಹಣ ಕೇಳಲಾಗದ ಮೊದಲ ಕೆಲವು ದಿನಗಳಲ್ಲಿ, ಕಂಡರೂ ಅಷ್ಟೇ. ಹಳೇ ಚೀಟಿಯಲ್ಲಿ ವೈದ್ಯರು ‘ಹಲ್ಲು ಸ್ವಲ್ಪ ಉದ್ದ’ ಎಂದು ಒಂದು ಸಾಲು ಬರೆದಿದ್ದರೂ ಸಾಕು, ಅದು ಮುಂಚಿನ ಕಾಯಿಲೆ ಆಗಿಬಿಡಬಹುದು. ಇನ್ನು ಕುಳ್ಳ ಜಾತಿಯ ಮೊಲಗಳನ್ನು ನೋಡಿ. ದುಂಡು ಮುಖ ಮುದ್ದಾಗಿರಲಿ ಎಂದು ಮನುಷ್ಯರೇ ಬೆಳೆಸಿದ ತಳಿಗಳಿವು. ಮೇಲಿನ ದವಡೆ ಗಿಡ್ಡವಾಗಿ ಹಲ್ಲಿಗೆ ಹಲ್ಲು ಕೂರುವುದಿಲ್ಲ. ಹುಟ್ಟಿನಿಂದ ಬಂದದ್ದು ಎಂದು ಕೆಲವು ಪಾಲಿಸಿಗಳು ಇದನ್ನು ಹೊರಗಿಡುತ್ತವೆ. ಅದೇ ಒಸರುವ ಕಣ್ಣನ್ನು ಕಣ್ಣಿನ ಕಾಯಿಲೆ ಎಂದು ಕ್ಲೇಮ್ ಮಾಡಿದರೂ, ಮೂಲ ಹಲ್ಲು ಎಂದು ಗೊತ್ತಾದರೆ ಅದೂ ಹಲ್ಲಿನ ಲೆಕ್ಕಕ್ಕೇ ಹೋಗಬಹುದು.

ಹಾಗಾಗಿ ಪಾಲಿಸಿ ಓದುವಾಗ ‘ದಂತ ಚಿಕಿತ್ಸೆ ಸೇರಿದೆ’ ಅನ್ನುವ ಸಾಲಿಗೆ ಮಾರುಹೋಗಬೇಡಿ. ಅದು ಬರೀ ಅಪಘಾತದಲ್ಲಿ ಮುರಿದ ಹಲ್ಲಿಗಾ, ಕಾಯಿಲೆಗೂ ಇದೆಯಾ? ಅಂಕೆ ಮೀರಿ ಬೆಳೆದ ಬಾಚಿಹಲ್ಲನ್ನು ಹಲವು ಮೊಲಗಳಲ್ಲಿ 4ರಿಂದ 6 ವಾರಕ್ಕೊಮ್ಮೆ ಉಜ್ಜಿ ಗಿಡ್ಡ ಮಾಡಬೇಕಾಗುತ್ತದೆ. ಇದನ್ನು ಚಿಕಿತ್ಸೆ ಅನ್ನುವುದೋ, ಉಗುರು ಕತ್ತರಿಸಿದ ಹಾಗೆ ಮಾಮೂಲಿ ಆರೈಕೆ ಅನ್ನುವುದೋ? ಕಂಪನಿ ಎರಡನೆಯದನ್ನೇ ಹಿಡಿದರೆ ಹಣವಿಲ್ಲ. (ಮನೆಯಲ್ಲಿ ಉಗುರು ಕಟರ್ ಹಿಡಿಯಬೇಡಿ, ಹಲ್ಲು ಉದ್ದಕ್ಕೆ ಸೀಳುತ್ತದೆ.) ದವಡೆಹಲ್ಲಿಗಾದರೆ ಸಾಮಾನ್ಯವಾಗಿ ಅರಿವಳಿಕೆ, ಎಕ್ಸ್-ರೇ ಬೇಕು, ಖರ್ಚೂ ಜಾಸ್ತಿ. ಒಂದು ಕಾಯಿಲೆಗೆ 12 ತಿಂಗಳು ಮಾತ್ರ ಹಣ ಕೊಡುವ ಪಾಲಿಸಿ ಇಲ್ಲಿ ಬೇಗ ಕೈಬಿಡುತ್ತದೆ. ಪ್ರತಿ ವರ್ಷ ನವೀಕರಿಸಿದಾಗ ಹಣದ ಮಿತಿ ಹೊಸದಾಗುವಂಥದ್ದೇ ನನ್ನ ಪ್ರಕಾರ ಮೊಲಕ್ಕೆ ಸರಿ. ಅದನ್ನೂ ಮರಿ ಆರೋಗ್ಯವಾಗಿರುವಾಗಲೇ ಮಾಡಿಸಬೇಕು.

ಪದೇ ಪದೇ ಉಜ್ಜುವ ಕಾಟ ಬೇಡ ಎಂದು ಕೆಲವರು 6 ಬಾಚಿಹಲ್ಲನ್ನೂ ಕೀಳಿಸುತ್ತಾರೆ. ಮೊಲಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ಹೆಚ್ಚಿದ ಸೊಪ್ಪನ್ನು ತುಟಿಯಿಂದಲೇ ಎತ್ತಿಕೊಂಡು ದವಡೆಗೆ ತಳ್ಳುತ್ತದೆ. ಆದರೆ ಬುಡದಲ್ಲಿ ಬೆಳೆಯುವ ಅಂಗಾಂಶ ಒಂದಿಷ್ಟು ಉಳಿದರೂ ಹಲ್ಲು ಮತ್ತೆ ಹುಟ್ಟಿ ಬರುತ್ತದೆ. ಆಗ ಕಂಪನಿ ಅದೇ ಫಾರಂ ಕಳಿಸುತ್ತದೆ: ಕಾಯಿಲೆ ಯಾವತ್ತು ಶುರುವಾಯಿತು?